ಮಾಮನ ಸಾಲು

ದೀಪ ಸಣ್ಣದು ಮಾಡಿ. ಇದು ನಮ್ಮ ದೊಡ್ಡಮ್ಮನ ಮಗಳಿಗೇ ಆದದ್ದು, ಕಟ್ಟುಕತೆಯಲ್ಲ.

ಅಕ್ಕ ಅವತ್ತು ಪಾಳಿ ಮುಗಿಸಿ, ಆಲದಮರದ ದಾರಿ ಹಿಡಿದು ಮನೆಗೆ ಹೊರಟಿದ್ದಳು. ಒಬ್ಬಳೇ. ಕಾಲಡಿ ಒಣಗಿದೆಲೆ... ಚರ್, ಚರ್. ಮನಸ್ಸು ಸರಿಯಿರಲಿಲ್ಲ. ಹೊರಡುವ ಮುಂಚೆ ತನ್ನ ಕೈಯಾರೆ ಮಾಮನ ಹೆಸರು ಅಳಿಸಿ ಬಂದಿದ್ದಳು.

ಮಾಮ ಅಂದರೆ ಅವಳ ಆಫೀಸಿನ ಹಿರಿಯ. ಅಲ್ಲಿಯ ಸರ್ವರುಗಳನ್ನು, ಅಂದರೆ ಹಗಲೂ ರಾತ್ರಿ ಓಡುವ ಕಂಪ್ಯೂಟರುಗಳನ್ನು, ಕಾಯಲು ಅಂಗೈಯಗಲದ ಪೆಟ್ಟಿಗೆಯೊಂದನ್ನು ಮಾಡಿದ್ದ. ಬೇಡದ್ದನ್ನೆಲ್ಲ ಕಿತ್ತುಹಾಕಿ ಅದರ ಆಪರೇಟಿಂಗ್ ಸಿಸ್ಟಂ ಹಗುರ ಮಾಡಿದ್ದ. ಅದಕ್ಕೆ ಬರುತ್ತಿದ್ದುದು ಒಂದೇ ಮಾತು: "ಇದ್ದೀಯಾ?" ಪ್ರತಿ ಸರ್ವರೂ "ಇದ್ದೀನಿ" ಅನ್ನಬೇಕು. ಪರದೆಯ ಮೇಲೆ ಒಂದೊಂದಕ್ಕೂ ಒಂದೊಂದು ಸಾಲು; ಅಂದರೆ ಹಸಿರು, ಅನ್ನದಿದ್ದರೆ ಕೆಂಪು, ಪಾಳಿಯವರ ಫೋನು ಟಿಕ್-ಟಿಕ್ ಅನ್ನುತ್ತದೆ. ಒಂಟಿಜೀವ ನೋಡಿ, ಮಾಮ ಆ ಸಾಲುಗಳ ಕೊನೆಗೆ ತನ್ನ ಹೆಸರನ್ನೂ ಸೇರಿಸಿದ್ದ. ಮನೆ ಸೇರಿ ಫೋನಿನಲ್ಲಿ ಬಟನ್ ಒತ್ತಿದರೆ ಅವನ ಉತ್ತರ ಬರುತ್ತಿತ್ತು. "ನಮ್ಮಂಥ ಪರದೇಶಿಗಳನ್ನ ಇನ್ಯಾರು ಕೇಳ್ತಾರಮ್ಮ?" ಅಂತ ನಗುತ್ತಿದ್ದ.

ಮಾಮ ತೀರಿಕೊಂಡ. ಅವನ ಸಾಲು ಕೆಂಪಾಗೇ ಉಳಿಯಿತು. ಅಳಿಸಲು ಯಾರಿಗೂ ಮನಸ್ಸು ಬರಲಿಲ್ಲ. ಕೊನೆಗೆ ಸಾಹೇಬರು ಅಕ್ಕನಿಗೇ ಹೇಳಿದರು. ಆ ಊರಲ್ಲಿ ಅವಳೂ ಒಬ್ಬಳೇ, ನಮ್ಮವರು ಯಾರೂ ಹತ್ತಿರವಿಲ್ಲ. ನಾಳೆ ತಾನು ದಾರಿಯಲ್ಲಿ ಬಿದ್ದರೂ ಕೇಳುವವರಿಲ್ಲ ಅನ್ನುವುದು ಅವತ್ತು ಚುಚ್ಚುತ್ತಿತ್ತು.

ಆಲದ ಕೆಳಗೆ ಬಂದಳು... ಟಿಕ್-ಟಿಕ್.

ಯಾವ ಸರ್ವರ್ ಮಲಗಿತಪ್ಪಾ ಅಂತ ಫೋನು ತೆಗೆದರೆ, ಅದರಲ್ಲಿ ಅವಳದೇ ಹೆಸರು. ಮುಂದೆ, 'ಉತ್ತರವಿಲ್ಲ'.

ರಾತ್ರಿಪಾಳಿಯ ಗೆಳತಿಗೆ ಫೋನು ಮಾಡಿದಳು. ಪಿಸುದನಿ.

"ನನ್ನ ಹೆಸರು ಯಾರೇ ಹಾಕಿದ್ದು?"

"ನಾನಲ್ಲಕ್ಕ... ಇಲ್ಲಿ ನಾನೊಬ್ಳೇ ಇರೋದು. ಮಾಮನ ಜಾಗದಲ್ಲಿ ನಿಮ್ಮ ಹೆಸರಿದೆ. ಕೆಂಪಗೆ."

"ತಮಾಷೆ ಬೇಡ ಕಣೇ."

"ದೇವರಾಣೆಗೂ ಅಕ್ಕ."

ಟಿಕ್-ಟಿಕ್. ಟಿಕ್-ಟಿಕ್. ಮಾಮನಂತೆ ಒತ್ತೋಣವೆಂದರೆ ಅವಳ ಫೋನಿನಲ್ಲಿ ಅಂಥ ಬಟನ್ನೇ ಇಲ್ಲ. ಅಷ್ಟು ಹೆದರಿಕೆಯಲ್ಲೂ ಯಾಕೋ ಒಂದು ಸಮಾಧಾನ. ತನ್ನನ್ನೂ ಒಬ್ಬರು ಕೇಳುತ್ತಿದ್ದಾರೆ... ಕತ್ತಲೆಗೇ ಮೆಲ್ಲಗೆ ಹೇಳಿದಳು.

"ಇದ್ದೀನಿ ಮಾಮ."

ಟಿಕ್-ಟಿಕ್ ನಿಂತಿತು. ಮರದಲ್ಲಿ ಒಂದೆಲೆಯೂ ಅಲುಗಲಿಲ್ಲ.

"ಅಕ್ಕಾ..." ಅಂದಳು ಫೋನಿನಲ್ಲಿ ಗೆಳತಿ. "ಹಸಿರಾಯ್ತು. ಆದ್ರೆ ನಿಮ್ಮ ಸಾಲಲ್ಲಿ ಎರಡು ಉತ್ತರ ಬಂದಿದೆ."

ನಂಬಿದರೆ ನಂಬಿ, ಬಿಟ್ಟರೆ ಬಿಡಿ. ಆ ಹುಡುಗಿ ಕಣ್ಣಾರೆ ಕಂಡಿದ್ದಾಳೆ, ಒಂದರ ಕೆಳಗೆ ಒಂದು: ಇದ್ದೀನಿ... ಇದ್ದೀನಿ. ಅಕ್ಕ ಹೇಳಿದ್ದು ಮಾತ್ರ ಒಂದೇ ಸಲ.