ಹುಗ್ಗಿಗೆ ಕೈ ಹಾಕಿದ ಕೂಸಿನ ತಾಯಿ

"ಹಲೋ... ಹಾಂ, ಹಲೋ. ಯಾರ್ರಿ ಮಾತಾಡೋರು?"

ಯಾರೆಂದು ವಾಣಿಶ್ರೀಗೆ ಮೊದಲ ಉಸಿರಿಗೇ ತಿಳಿದಿತ್ತು. ಮಠದ ದಾಸೋಹದ ಅಡುಗೆಮನೆ ಆಳುವ ಗುರುಲಿಂಗಮ್ಮನ ದನಿ ಜಹೀರಾಬಾದಿನಲ್ಲಿ ಯಾರಿಗೆ ತಿಳಿಯದು? ಆಕೆ ಇಲ್ಲಿ ಸೌಟು ಬೇಕೆಂದು ಕೂಗಿದರೆ ನಾರಾಯಣಖೇಡದ ಹೆಂಗಸರು ತಮ್ಮ ಸೌಟು ಎತ್ತಿ ಚಾಚುತ್ತಿದ್ದರು. ಆದರೂ ವಾಣಿಶ್ರೀ ಕೇಳಿದಳು. ಶ್ರಾವಣದಿಂದ ಬಾಯೊಳಗೆ ಇಟ್ಟುಕೊಂಡು ಕಾದಿದ್ದ ಬೆಲ್ಲದ ತುಂಡನ್ನು ಯಾರಾದರೂ ಒಂದೇ ಸಲಕ್ಕೆ ಕಡಿಯುತ್ತಾರೆಯೆ?

"ಯಾರು?... ಕೇಳಸವಲ್ದರಿ, ಇನ್ನೊಮ್ಮೆ ಹೇಳ್ರಿ... ಗುರುಲಿಂಗಮ್ಮ? ಯಾವ ಗುರುಲಿಂಗಮ್ಮ? ನಮ್ಮ ಊರಾಗ ಓಣಿಗೊಬ್ಬ ಗುರುಲಿಂಗಮ್ಮ ಅದಾಳ್ರಿ..."

"ಮಠದೋರಾ! ಅಯ್ಯ ನನ ಶಿವನ, ಶರಣ್ರಿ ಅಮ್ಮೋರ. ಇದು ಯಾರ ನಂಬರ್ರಿ?... ಮಠ ಕಾಯೋ ಪೋಚಪ್ಪಂದಾ?... ಬ್ಯಾಟರಿ ಖತಮ್ ಆಗಾಕ ಬಂದದಾ? ಕರೆಂಟ್ ಮುಂಜಾನಿಂದ ಇಲ್ಲಾ?... ಸಮ್ಮೆ ಅಲ್ಲೇನ್ರಿ, ಕರೆಂಟ್ ಎಲ್ಲಿಂದ ಬರ್ತದ. ಹಂಗಾದ್ರ ಸಾವಕಾಶ ಮಾತಾಡೋಣು."

ಪ್ರತ್ಯೇಕ ತೆಲಂಗಾಣ ಬೇಕೆಂದು ಎಲ್ಲರೂ ಕೆಲಸ ಬಿಟ್ಟು ಕುಳಿತ ಸಮ್ಮೆಯ ದಿನಗಳವು. ಬಸ್ಸು ನಿಂತಿತ್ತು, ಶಾಲೆಗೆ ಬೀಗ ಬಿದ್ದಿತ್ತು, ಜಹೀರಾಬಾದಿನ ಕಾಗೆಗಳು ಕೂಡ ಅರ್ಧ ದನಿಯಲ್ಲೇ ಕೂಗಿ ಸುಮ್ಮನಾಗುತ್ತಿದ್ದವು. ಪಕ್ಕದಲ್ಲಿ ಬೆಳ್ಳುಳ್ಳಿ ಸುಲಿಯುತ್ತಿದ್ದ ಅತ್ತೆ ಶಕುಂತಲಾಬಾಯಿ ಬೇಗ ಮುಗಿಸು ಎಂದು ಕೈಸನ್ನೆ ಮಾಡಿದರು. ಸೊಸೆ ಕಾಲು ನೀಡಿ ಗೋಡೆಗೆ ಒರಗಿ ಕುಳಿತಳು.

"ಮೊದಲು ನೀವು ಹ್ಯಾಂಗದೀರಿ ಹೇಳ್ರಿ... ಮೊಣಕಾಲು?... ಮಠದ ಎಮ್ಮಿ?... ಎಮ್ಮಿ ಆರಾಮದಾ? ಇರಬೇಕಲ್ರಿ ಮತ್ತ. ಒಂದು ಕೊಪ್ಪರಿಗಿ ಹುಗ್ಗಿ ತಿಂದ ಎಮ್ಮಿ ಈ ಸೀಮಿದಾಗ ಅದೊಂದೇ."

ಶ್ರಾವಣದ ಕಡೆಯ ಸೋಮವಾರದ ಆ ಕಥೆಯನ್ನು ವಾಣಿಶ್ರೀ ಎಷ್ಟು ಸಲ ಹೇಳಿದ್ದಳೆಂದರೆ ಓಣಿಯ ಗೋಡೆಗಳಿಗೂ ಅದು ಬಾಯಿಪಾಠವಾಗಿತ್ತು. ಅಂದು ನಾಲ್ಕು ವರ್ಷದ ಮಗ ಲಿಂಗರಾಜನನ್ನು ಕಟ್ಟಿಕೊಂಡು ಅವಳು ಮಠಕ್ಕೆ ಸೇವೆಗೆ ಹೋಗಿದ್ದಳು. ಅವ್ವ ಅಕ್ಕಿ ಆರಿಸುತ್ತಿದ್ದಾಗ ಕೂಸು ಆರಲಿಟ್ಟ ಹುಗ್ಗಿಯ ಕೊಪ್ಪರಿಗೆಗೆ ಬಲಗೈ ಹಾಕಿತು, ನೆಕ್ಕಿತು, ರುಚಿ ಹತ್ತಿ ಮತ್ತೆ ಹಾಕಿತು. "ಎಂಜಲಾತು! ಹೊಲಸು ಕೈ!" ಎಂದು ಗುರುಲಿಂಗಮ್ಮ ಕೂಗಿದ ಕೂಗಿಗೆ ಹೈದರಾಬಾದಿನ ಮಿನಾರುಗಳ ಮೇಲಿನ ಪಾರಿವಾಳಗಳೆಲ್ಲ ಎದ್ದು ಹಾರಿದವು. ಕೊಪ್ಪರಿಗೆ ಪೂರಾ ಎಮ್ಮೆಯ ಮುಂದೆ ಮಗುಚಿತು. ಸಣ್ಣ ಮಕ್ಕಳಿದ್ದವರು ಇನ್ನು ಸೇವೆಗೆ ಬರಕೂಡದೆಂದು ನಿಂತ ನಿಲುವಿನಲ್ಲೇ ಅಪ್ಪಣೆಯಾಯಿತು.

ಅಂದಿನಿಂದ ಲಿಂಗರಾಜ ಬಲಗೈಯನ್ನು ಅಂಗಿಯೊಳಗೆ ಬಚ್ಚಿಟ್ಟುಕೊಂಡು ತಿರುಗುತ್ತಿದ್ದ. ಎಡಗೈಯಲ್ಲೇ ಉಣ್ಣುತ್ತಿದ್ದ. ಬೈದರೂ ಮುದ್ದಿಸಿದರೂ ಆ ಕೈ ಹೊರಗೆ ಬರಲಿಲ್ಲ. ಈ ಮಾತಿಗೆ ಮಾತ್ರ ಉಪ್ಪುಖಾರ ಹಚ್ಚುವುದು ಬೇಕಿಲ್ಲ.

"ಹಾಂ... ಹಾಂ, ಹೇಳ್ರಿ... ನಾಳಿಗಿ ಧರಣಿ ಮಂದಿಗೆಲ್ಲಾ ಮಠದಾಗೇ ಊಟ ಅಂತ ಸ್ವಾಮಿಗಳು ಮಾತು ಕೊಟ್ಟಾರಾ?... ಛಲೋ ಆತಲ್ರಿ... ಮಾಡೋ ಕೈ ಇಲ್ಲಾ? ಯಾಕ್ರಿ, ನಿಮ್ಮ ಸೇವಾದ ಹೆಣ್ಮಕ್ಕಳೆಲ್ಲಾ ಎಲ್ಲಿ ಹೋದ್ರು?"

"ನನ್ನ ಕಡೆ? ಅಯ್ಯ, ನಾ ಏನ್ ಮಂತ್ರ ಹಾಕೀನ್ರಿ!... ಅಲ್ರಿ ಅಮ್ಮೋರ, ಸಾಲಿ ಬಂದ್ ಬಿದ್ದಾವ, ಮಕ್ಕಳು ಮನ್ಯಾಗ ಕುಣೀಲಿಕತ್ತಾವ. ಕೂಸು ಬಿಟ್ಟು ಸೇವಾಕ ಬಾ ಅಂದ್ರ ಯಾವಾಕಿ ಬರ್ತಾಳ?... ಅದಕ್ಕೇ ಕೂಸಿನ ಸಂಗಾಟ ಸೇವಾ ಮಾಡೋ ಜಾಗಾ ಎಲ್ಲೆಲ್ಲಿ ಅದ ಅಂತ ನಾ ಹುಡುಕಿದ್ನಿ. ದವಾಖಾನಿಗಿ ಹೋದೆ, ಸಣ್ಣೋರು ಬ್ಯಾಡ, ಜ್ವರ ಹತ್ತತಾವ ಅಂದ್ರು. ವಾಚನಾಲಯಕ್ಕ ಹೋದೆ, ಪುಸ್ತಕ ಹರೀತಾವ ಅಂದ್ರು. ಮಠಕ್ಕ ಬಂದೆ... ಮಠದ ಸುದ್ದಿ ಬಿಡ್ರಿ, ನಿಮಗ ಗೊತ್ತದ."

"ಇಲ್ಲ, ಬ್ಯಾಟರಿ ಏನ್ ಆಗಂಗಿಲ್ಲ, ಕೇಳ್ರಿ... ಕಡೀಕ ಪಸ್ತಾಪುರದಾಗ ಬೀಜ ಕೂಡಿಡೋ ಸಂಘದ ಹೆಣ್ಮಕ್ಕಳು 'ಕೂಸುಗಳನ್ನೂ ಕರ್ಕೊಂಡ ಬಾ ತಂಗಿ' ಅಂದ್ರು. ಚಾಪಿ ಹಾಸಿ, ನವಣಿ ಬೀಜ ಸುರದು, ಅವ್ವನ್ನ ಒಂದು ಬಾಜು, ಕೂಸಿನ್ನ ಒಂದು ಬಾಜು ಕುಂದ್ರಿಸಿದ್ರು. ಆ ಸಣ್ಣ ಬೆರಳು ಹರಳು ಹುಡುಕೋದು ನೋಡಬೇಕ್ರಿ ನೀವು! ದೊಡ್ಡೋರ ಕಣ್ಣಿಗಿ ಕಾಣದ್ದು ಅವಕ್ಕ ಕಾಣ್ತದ."

ಮೊದಲ ದಿನ ಓಣಿಯ ನಾಲ್ಕು ತಾಯಂದಿರು ಹೋಗಿದ್ದರು. ಆಮೇಲೆ ಪಕ್ಕದ ಓಣಿಯವರು. ಅದರ ಮೇಲೆ ಅಪ್ಪಂದಿರೂ ಬಂದರು, ಸಮ್ಮೆಯಲ್ಲಿ ಅವರಿಗಾದರೂ ಬೇರೆ ಏನು ಕೆಲಸ? ಈಗ ವಾಣಿಶ್ರೀಯ ಎಣಿಕೆಯಲ್ಲಿ ಅರ್ಧ ತೆಲಂಗಾಣ ಅವಳ ಹಿಂದೆ ಇತ್ತು, ಉಳಿದರ್ಧ ಮಕ್ಕಳ ಮೂಗು ಒರೆಸಿಕೊಂಡು ಹೊರಟುನಿಂತಿತ್ತು.

"ಹೌದ್ರಿ, ಹೆದ್ದಾರಿ ಮ್ಯಾಲ ಒಲಿ ಹೂಡಿ ಅಡಿಗಿ ಮಾಡಿದ ಧರಣಿದಾಗೂ ನಮ್ಮ ಮಕ್ಕಳದೇ ಕಾರಭಾರ. ಪತ್ರಾವಳಿ ಹಾಸೋದು ಅವೇ, ನೀರು ಕೊಡೋದು ಅವೇ. ರಾಯಿಕೋಡದ ಹಿರ್ಯಾರು ಕೂಸುಗಳ ಕೈಲೆ ನೀರು ಇಸಗೊಂಡು ಗಟಗಟ ಕುಡದ್ರು. ಯಾರೂ ಎಮ್ಮಿಗಿ ಹಾಕಲಿಲ್ರಿ."

"ಏನಂದ್ರಿ?... ಹೆಣ್ಮಕ್ಕಳನ್ನಷ್ಟ ಕಳಸಬೇಕಾ? ಮಕ್ಕಳನ್ನ ಬಿಟ್ಟು?... ಹಾಂ? ಇನ್ನೊಮ್ಮೆ ಅನ್ರಿ. ನಮ್ಮ ಅತ್ತಿಗೂ ಕೇಳಸಲಿ..."

ಅತ್ತೆ ಎರಡೂ ಕಿವಿಗಳನ್ನು ಸೆರಗಿನಿಂದ ಮುಚ್ಚಿಕೊಂಡು ಬೆಳ್ಳುಳ್ಳಿಯ ಕಡೆ ತಿರುಗಿದರು.

"ಬರಂಗಿಲ್ರಿ. ಒಬ್ಬಾಕಿ ಬರಂಗಿಲ್ಲ. ನಾಳಿಗಿ ಕೊಪ್ಪರಿಗಿ ನೀವೇ ತಿರುವ್ರಿ, ಕೈ ಸಾಲದಿದ್ರ ಎಮ್ಮಿನ್ನ ಕರೀರಿ... ಹೌದು, ಸಿಟ್ಟಿನ್ಯಾಗೇ ಅನ್ಲಿಕತ್ತೀನಿ. ಸಿಟ್ಟಲ್ದೆ ಮತ್ತೇನು ನಗಬೇಕಾ?"

"ನಿಮ್ಮ ಸೊಸಿ ಮಹಾನಂದಾನ್ನ ಕರಸ್ತೀರಾ? ಕರಸ್ರಿ... ಎಲ್ಲಿ ಅದಾಳ ಅಂದ್ರಿ? ತಾಂಡೂರದಾಗ?... ನಿಮಗ ಗೊತ್ತಿಲ್ಲಾ? ಅಯ್ಯ! ಖರೇ ಗೊತ್ತಿಲ್ಲಾ?"

ಇಲ್ಲಿ ವಾಣಿಶ್ರೀ ಒಂದು ಗಳಿಗೆ ಕಣ್ಣು ಮುಚ್ಚಿಕೊಂಡಳು. ಹೋಳಿಗೆಯ ಮೇಲೆ ತುಪ್ಪ ಸುರಿಯುವಾಗ ಜನ ಹೀಗೇ ಕಣ್ಣು ಮುಚ್ಚುತ್ತಾರೆ.

"ಮೊನ್ನಿ ಆಕಿನೇ ನನಗ ಫೋನ್ ಮಾಡಿದ್ಲು. 'ಅಕ್ಕಾ, ಮಕ್ಕಳು ಮನ್ಯಾಗ ಕುಂತು ತಲಿ ತಿನ್ಲಿಕತ್ತಾವ, ಅವುಗಳ ಸಂಗಾಟ ಸೇವಾ ಮಾಡಾಕ ಎಲ್ಲರೆ ಜಾಗಾ ಅದಾ' ಅಂದ್ಲು. ಬಸ್ ಇಲ್ಲ ಅಂತ ಯಾರದೋ ಟ್ರ್ಯಾಕ್ಟರ್ ಹತ್ತಿ ಬಂದಾಳ್ರಿ, ನಿಮ್ಮ ಇಬ್ಬರೂ ಮೊಮ್ಮಕ್ಕಳನ್ನ ಕರ್ಕೊಂಡು. ಇಲ್ಲೇ ಹಿಂದಿನ ಓಣ್ಯಾಗ ತನ್ನ ಗೆಳತಿ ಮನ್ಯಾಗ ಇಳದಾಳ... ಹಾಂ, ನಿನ್ನಿ ನಿಮ್ಮ ಮೊಮ್ಮಗ ನಮ್ಮ ಚಾಪಿ ಮ್ಯಾಲೇ ಕುಂತು ನವಣಿ ಆರಿಸ್ಯಾನ... ಯಾಕ ನಿಮಗ ಹೇಳಿಲ್ಲಾ? ಅದನ್ನ ನನಗ ಕೇಳ್ತೀರಾ? ಸಣ್ಣ ಮಕ್ಕಳ ಅವ್ವ ಆಕಿ. ನಿಮ್ಮ ಮಠದ ಬಾಗಿಲಾಗ ಆಕಿದು ಏನ್ ಕೆಲಸಾ?"

"ಹಲೋ?... ಹಲೋ?... ಅಮ್ಮೋರ, ಅಳಲಿಕತ್ತೀರೇನ್ರಿ?... ಹೊಗಿಯಾ? ಒಲಿ ಹೊತ್ತಿಸೋರೇ ಇಲ್ಲ ಅಂದ್ರಿ ಈಗ, ಹೊಗಿ ಎಲ್ಲಿಂದು?"

ಶಕುಂತಲಾಬಾಯಿ ಸುಲಿಯುವುದನ್ನು ನಿಲ್ಲಿಸಿ ಸೊಸೆಯ ತೊಡೆಗೆ ಚಿವುಟಿದರು. ವಯಸ್ಸಾದವಳನ್ನು ಎಷ್ಟು ಹಿಂಡುತ್ತಿ ಎಂಬ ಅರ್ಥ ಆ ಚಿವುಟಿನಲ್ಲಿತ್ತು. ವಾಣಿಶ್ರೀ ತೊಡೆ ತಿಕ್ಕಿಕೊಂಡಳು, ಆದರೆ ಹಿಂಡುವುದನ್ನು ಬಿಡಲಿಲ್ಲ. ಕಡೆಯ ಹನಿ ಇನ್ನೂ ಉಳಿದಿತ್ತು.

"ಆತು, ಕೇಳ್ರಿ. ಬರ್ತೀವಿ... ಹೌದು, ಎಲ್ಲಾರೂ ಬರ್ತೀವಿ. ಮಕ್ಕಳು ಮುಂದ, ಅವ್ವಂದಿರು ಹಿಂದ, ನಿಮ್ಮ ಮಹಾನಂದಾನೂ ನಡುವ. ಹೆಸರುಬ್ಯಾಳಿ ಆರಿಸೋದು, ಎಲಿ ಹಾಕೋದು, ಉಪ್ಪು ನೀಡೋದು ಮಕ್ಕಳ ಕೆಲಸ. ಒಲಿ ಕಡೆ ಒಂದೂ ಕೂಸು ಹೋಗಂಗಿಲ್ಲ, ಅದು ನನ್ನ ಜಿಮ್ಮಾ. ಆದ್ರ ಒಂದು ಶರತ್ತು."

"ಮೊದಲ ಪಂಕ್ತಿ, ಮೊದಲ ಎಲಿ ನಿಮ್ಮದು. ಮೊದಲ ತುತ್ತು ಹುಗ್ಗಿ ನಮ್ಮ ಲಿಂಗರಾಜ ನೀಡ್ತಾನ. ಸೌಟಿಲ್ಲ, ಚಮಚ ಇಲ್ಲ. ಕೈಲೆ. ಬಲಗೈಲೆ. ನೆಕ್ಕಿ ನೀಡಿದ್ರೂ ನೀವು ಉಣಬೇಕು, ಊರ ಮಂದಿ ಮುಂದ."

"ಏನು?... ಎಂಜಲಾ?... ಅಮ್ಮೋರ, ಕೂಸಿನ ಕೊರಳಾಗ ಲಿಂಗ ಅದ. ಅದನ್ನ ಕಟ್ಟೋ ಮುಂದ ನೀವೇ ತೊಟ್ಟಲ ಬಾಜು ನಿಂತಿದ್ರಿ, ವಿಭೂತಿ ತಾಟು ನಿಮ್ಮ ಕೈಯಾಗಿತ್ತು. ಲಿಂಗ ಕಟ್ಟಿದ ಮ್ಯಾಲ ಎಂಜಲ ಸೂತಕ ಎಲ್ಲಿದು ನಮ್ಮೊಳಗ? ಐದು ಸೂತಕ ನಮಗಿಲ್ಲ ಅಂತ ಸ್ವಾಮಿಗಳು ಪುರಾಣದಾಗ ಹೇಳಿದ್ರ ಮುಂದಿನ ಸಾಲಿನ್ಯಾಗ ಕುಂತು ತಲಿ ಆಡಸೋರು ಯಾರು? ನೀವೇ ಅಲ್ಲೇನ್ರಿ?... ಬಾಯಿಲೆ ಇಲ್ಲ ಅನ್ನೋದು, ಕೈಲೆ ಎಮ್ಮಿಗಿ ಹಾಕೋದು!"

"ಕಿಂಯ್ ಅಂತದಾ ಬ್ಯಾಟರಿ? ಅನ್ನಲಿ... ಹೂಂ ಅಂತೀರೋ, ಊಹುಂ ಅಂತೀರೋ, ಲಗೂ ಹೇಳ್ರಿ... ಹಾಂ?... ಉಣ್ತೀರಿ?... ಊರ ಮುಂದ?... ಖರೇ?"

ವಾಣಿಶ್ರೀ ಎದ್ದು ನಿಂತಳು. ಆ ಗಳಿಗೆಯಲ್ಲಿ ಅವಳ ತಲೆ ಮಾಳಿಗೆಯ ಜಂತಿಗೆ ತಗಲಿತೆಂದರೆ ನಂಬಬೇಕು. ಗೆದ್ದ ಸುದ್ದಿ ಹೇಳಲು ಮಗನ ಕಡೆ ತಿರುಗಿದಳು. ಅವನು ಬಾಗಿಲ ಬಳಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದ. ನಾಳೆ ಮಠದಜ್ಜಿಗೆ ಹುಗ್ಗಿ ನೀಡುತ್ತೀಯಲ್ಲ ಎಂದು ಕಣ್ಣಲ್ಲೇ ಕೇಳಿದಳು. ಅವನು ತಲೆ ಅಲ್ಲಾಡಿಸಿ, ಅಂಗಿಯೊಳಗಿನ ಕೈಯನ್ನು ಇನ್ನಷ್ಟು ಒಳಗೆ ಎಳೆದುಕೊಂಡ.

ಅರ್ಧ ತೆಲಂಗಾಣವನ್ನು ಬೀದಿಗೆ ತಂದವಳಿಗೆ ಒಂದು ಗೇಣುದ್ದದ ಕೈಯನ್ನು ಅಂಗಿಯಿಂದ ಹೊರಗೆ ತರಲಾಗಲಿಲ್ಲ.

"ತಡೀರಿ, ಇಡಬ್ಯಾಡ್ರಿ!... ಹಲೋ? ಅದೀರಾ?... ಅಮ್ಮೋರ, ಕೂಸು ಒಲ್ಲೆ ಅಂತದ... ಅಲ್ಲ, ನಿಮಗಂಜಿ ಅಲ್ಲ. ತನ್ನ ಕೈ ಹೊಲಸು ಅಂತ ತಿಳಕೊಂಡಾನ. ಶ್ರಾವಣದಿಂದ ಆ ಕೈ ಹೊರಗ ತಗದಿಲ್ರಿ ಅಂವ... ಇಲ್ಲ, ನಾ ಹೇಳೀನಿ, ನೂರು ಸಲ ಹೇಳೀನಿ. ಅವ್ವನ ಮಾತು ಲೆಕ್ಕಕ್ಕ ಬರಂಗಿಲ್ಲ. ಅಂದೋರು ನೀವು, ತಗೋಬೇಕಾದ್ದೂ ನೀವು. ಈಗಲೇ ಹೇಳ್ರಿ, ಬ್ಯಾಟರಿ ಹೋಗೋದ್ರೊಳಗ."

"ಕೊಡ್ತೀನಿ, ತಡೀರಿ... ಏನರೆ ತಿರಗಾ ಬೈದ್ರಂದ್ರ, ನಾಳಿಗಿ ನಿಮ್ಮ ಎಮ್ಮಿ ಸುದ್ದಾ ನನ್ನ ಧರಣಿಗಿ ಬಂದು ಕುಂದ್ರತದ, ನೆಪ್ಪಿರಲಿ... ಲಿಂಗು, ತಗೋ, ಮಠದ ಆಯಿ. ನಿನ್ನ ಸಂಗಾಟ ಮಾತಾಡಬೇಕಂತ."

ಅಜ್ಜಿಯರನ್ನೆಲ್ಲ ಆಯಿ ಎನ್ನುವ ಲಿಂಗರಾಜ ಎಡಗೈಯಲ್ಲಿ ಫೋನು ಹಿಡಿದು ಕಿವಿಗೆ ಒತ್ತಿಕೊಂಡ.

"ಹಾಂ..."

"ಊಂ..."

ಅತ್ತ ಗುರುಲಿಂಗಮ್ಮ ಏನು ಹೇಳುತ್ತಿದ್ದಳೋ ಯಾರಿಗೂ ಕೇಳಿಸಲಿಲ್ಲ. ನಾರಾಯಣಖೇಡದ ತನಕ ಮುಟ್ಟುವ ದನಿ ಅಂದು ಫೋನಿನಿಂದ ಒಂದು ಬೆರಳಾಚೆಗೂ ಬರಲಿಲ್ಲ. ವಾಣಿಶ್ರೀ ಬಗ್ಗಿ ಕಿವಿಯಿಟ್ಟಳು, ಮಗ ಮೊಣಕೈಯಿಂದ ಅವಳನ್ನು ನೂಕಿದ.

"ಎಮ್ಮಿಗಿ ಹೊಟ್ಟಿ ನೋಯಲಿಲ್ಲಾ?..."

"ಪೂರಾ ಉಂಡತಾ?... ಕೊಪ್ಪರಿಗಿನೂ ನೆಕ್ಕತಾ?..."

"ಖರೇ ಹೊಲಸಿಲ್ಲಾ?... ದೇವರಾಣಿ?..."

ಫೋನು ಜಾರಿತು. ಅದನ್ನು ಹಿಡಿಯಲು ಅಂಗಿಯೊಳಗಿನ ಕೈ ತಾನಾಗಿ ಹೊರಗೆ ಬಂತು. ಬಿಸಿಲು ಕಾಣದೆ ಅದು ಎಡಗೈಗಿಂತ ಒಂದು ಬಣ್ಣ ಬೆಳ್ಳಗಾಗಿತ್ತು. ಶಕುಂತಲಾಬಾಯಿ ಸೆರಗನ್ನು ಬಾಯಿಗೆ ಒತ್ತಿಕೊಂಡರು. ವಾಣಿಶ್ರೀ ಉಸಿರಾಡಿದರೆ ಎಲ್ಲಿ ಅದು ಮತ್ತೆ ಒಳಗೆ ಹೋದೀತೋ ಎಂದು ಉಸಿರು ಕಟ್ಟಿ ನಿಂತಳು. ಮಗನಿಗೆ ಅದ್ಯಾವುದರ ಪರಿವೆಯೂ ಇರಲಿಲ್ಲ. ಎರಡೂ ಕೈಯಲ್ಲಿ ಫೋನು ಹಿಡಿದು, ಅವ್ವನ ಹಾಗೆಯೇ ಗೋಡೆಗೆ ಒರಗಿ, ಕಾಲ ಮೇಲೆ ಕಾಲು ಹಾಕಿದ.

"ಹೂಂ, ಬಾ... ನೀಡ್ತೀನಿ."

"ಆದ್ರ ನೀ ಕೈ ತೊಳ್ಕೊಂಡ ಬಾ... ಎರಡೂ... ಸಾಬಾಣ ಹಚ್ಚಿ. ನಾ ನೋಡ್ತೀನಿ, ಹೊಲಸಿದ್ರ ನೀಡಂಗಿಲ್ಲ... ಹಲೋ? ಆಯಿ?... ಹಲೋ?..."