ಮೊದಲ ಕೊಳಗ

೧೯೮೩ರ ಜೂನ್. ಚನ್ನಗಿರಿ ಬಸ್ ಸ್ಟ್ಯಾಂಡಿನ ಬೆಂಚಿನಲ್ಲಿ ನನ್ನ ಪಕ್ಕ ವಯಸ್ಸಾದ ಗಂಡ ಹೆಂಡತಿ ಕೂತಿದ್ದರು. ಮೊಮ್ಮಗಳನ್ನು ಶಾಲೆಗೆ ಸೇರಿಸಲು ಸಂತೇಬೆನ್ನೂರಿಗೆ, ಮಗಳು ಹಾಲಮ್ಮನ ಮನೆಗೆ ಹೊರಟವರು. ಅವರ ಮಾತು ಕೇಳಿಸಿಕೊಂಡದ್ದು ತಪ್ಪೇನೋ, ಆದರೂ ನಾನು ಎದ್ದು ಹೋಗಲಿಲ್ಲ.

“ಈ ಸಲ ನೀವು ಇಸ್ಕೂಲ್ ಒಳಗೆ ಬರಬ್ಯಾಡ್ರಿ,” ಆಕೆ ಗಂಡನಿಗೆ ಹೇಳಿದರು.

“ಯಾಕೆ?”

“ನಮ್ಮ ಹಾಲಮ್ಮನ್ನ ಸೇರಿಸೋ ದಿನ ಮೇಷ್ಟ್ರು ಬಳಪ ಎಣಿಸು ಅಂದ್ರು. ಲಾಭ, ಎರಡು, ಮೂರು ಅಂತು ಕೂಸು. ಎಲ್ಲಾರೂ ನಕ್ರು. ನೀವೂ ನಕ್ರಿ.”

ಕಣದಲ್ಲಿ ರಾಗಿ ಅಳೆಯುವಾಗ ಮೊದಲ ಕೊಳಗಕ್ಕೆ ಒಂದು ಎನ್ನದೆ ಲಾಭ ಎನ್ನುವುದು ನಮ್ಮ ಕಡೆಯ ರೂಢಿ.

“ಲೆಕ್ಕ ತಪ್ಪಿತ್ತೇನು?” ಆಕೆಯೇ ಮತ್ತೆ ಕೇಳಿದರು.

“ಇಲ್ಲ, ಸರಿ ಇತ್ತು.”

“ತೊಟ್ಲಾಗೆ ಇದ್ದಾಗ್ಲೇ ಎರಡು ಗಿಲಕಿ ತೋರಿಸಿ ಒಂದನ್ನ ಮುಚ್ಚಿಟ್ರೆ ಹುಡುಕಾಡೋಳು. ಅದನ್ನ ಯಾರು ಕಲಿಸಿದ್ರು?”

“ಯಾರೂ ಇಲ್ಲ. ಹುಟ್ತಾನೇ ತಂದಿದ್ಲು. ಲಾಭ ಅನ್ನೋ ಮಾತೊಂದೇ ನಾನು ಕಲಿಸಿದ್ದು.”

“ಅಷ್ಟು ಹೇಳಾಕೆ ಅವತ್ತು ಬಾಯಿ ಇರಲಿಲ್ವಾ? ಮಾರನೇ ದಿನದಿಂದ ಕೂಸು ಇಸ್ಕೂಲ್ ಕಡೆ ತಲೆ ಹಾಕಲಿಲ್ಲ. ಈಗ್ಲೂ ಬಾಯಿಬಿಟ್ಟು ಎಣಿಸಲ್ಲ, ನೋಡೀರೇನು?”

“ನೋಡೀನಿ.”

ಬಸ್ಸು ಬಂತು. ಆತ ಗಂಟುಗಳನ್ನು ಬಾಗಿಲ ಒಳಗೆ ಎತ್ತಿಡತೊಡಗಿದರು.

“ಒಂದು, ಎರಡು...”

“ಇದೇನ್ರೀ ಹೊಸದು? ಲಾಭ ಎಲ್ಲಿ ಹೋಯ್ತು?”

“ಮೊಮ್ಮಗಳ ಮುಂದೆ ಬಾಯಿ ತಪ್ಪಬಾರ್ದು. ರೂಢಿ ಮಾಡ್ಕೊಂತಿದೀನಿ.”

“ಮೊಮ್ಮಗಳ ಮುಂದೆ ಒಂದು ಅನ್ರಿ. ಹಾಲಮ್ಮನ ಮುಂದೆ ಮಾತ್ರ ಲಾಭ ಅಂತಾನೇ ಅನ್ರಿ. ಇನ್ನೊಂದ್ಸಲ ಅವಳ್ನ ಒಬ್ಬಳನ್ನೇ ಬಿಡಬ್ಯಾಡ್ರಿ.”

ಆತ ಮೂರನೆಯ ಗಂಟನ್ನು ಎಣಿಸದೆ ಎದೆಗವುಚಿಕೊಂಡು ಬಸ್ಸು ಹತ್ತಿದರು.