ಫೋಟೋದಲ್ಲಿ ಕಾಣದ ಕೆಸರು

ಲಾರಿ ಶೆಡ್ಡಿನಲ್ಲಿ ನನ್ನ ಪಾರ್ಸೆಲ್ಲಿಗೆ ಕಾಯುತ್ತಿದ್ದೆ. ದೂರದ ಊರಿನಿಂದ ಬಂದ ಕೆಂಪು ವಿದೇಶಿ ಸ್ಪೋರ್ಟ್ಸ್ ಕಾರೊಂದನ್ನು ಆಗಷ್ಟೇ ಇಳಿಸಿದ್ದರು. ಗ್ರೀಸ್ ಮೆತ್ತಿದ ಅಂಗಿಯ ಮೆಕ್ಯಾನಿಕ್ ಹೆಂಗಸೊಬ್ಬಳು ಅದರ ಕಾರ್ಪೆಟ್ ಎತ್ತಿ ನೋಡಿ, ಪಕ್ಕದಲ್ಲಿದ್ದ ತಮ್ಮನ ಮೇಲೆ ರೇಗಿದಳು.

“ನೋಡಿಲ್ಲಿ, ಒಣಗಿದ ಕೆಸರು. ಈ ಗಾಡಿ ನೀರಲ್ಲಿ ಮುಳುಗಿತ್ತು ಕಣೋ!”

“ಫೋಟೋದಲ್ಲಿ ಚೆನ್ನಾಗೇ ಇತ್ತಕ್ಕಾ.”

“ಬರೀ ಫೋಟೋ ನೋಡಿ ಸೆಕೆಂಡ್ ಹ್ಯಾಂಡ್ ಗಾಡಿ ತಗೊಂಡ್ಯಾ? ಆ ಡೀಲರ್ ಮುಖ ನೋಡಿದ್ಯಾ?”

“ಫೋನಲ್ಲಿ ಮಾತಾಡಿದ್ದೆ. ತುಂಬಾ ಮರ್ಯಾದೆಯಿಂದ ಮಾತಾಡ್ದ.”

“ಈಗ ಮಾಡು ಫೋನು.”

“ಬೆಳಗ್ಗಿಂದ ಎತ್ತುತ್ತಾನೇ ಇಲ್ಲ.”

“ಇಪ್ಪತ್ತು ವರ್ಷದಿಂದ ಇಂಜಿನ್ ಬಿಚ್ಚೋ ಅಕ್ಕ ಮನೇಲೇ ಇದ್ದಾಳೆ. ಊರೋರೆಲ್ಲ ಗಾಡಿ ಕೊಳ್ಳೋ ಮುಂಚೆ ನನ್ನನ್ನ ಕೇಳ್ತಾರೆ. ನೀನ್ಯಾಕೋ ಕೇಳ್ಲಿಲ್ಲ?”

“ಕೇಳಿದ್ರೆ ನೀನು ಬೇಡ ಅಂತಿದ್ದೆ.”

“ಅದಕ್ಕೇ ಕೇಳ್ಬೇಕಿತ್ತು!”

ತಮ್ಮ ಒಳಗೆ ಕೂತು ಕೀಲಿ ತಿರುಗಿಸಿದ. ಕಾರು ಕೆಮ್ಮಲೂ ಇಲ್ಲ.

“ಸ್ಟೇರಿಂಗ್ ಹಿಡ್ಕೋ. ಗ್ಯಾರೇಜಿನವರೆಗೂ ನಾನು ತಳ್ತೀನಿ.”

“ರಸ್ತೇಲಿ ಎಲ್ಲರೂ ನೋಡ್ತಾರಕ್ಕಾ.”

“ನೋಡ್ಲಿ. ಎಲ್ಲರೂ ನೋಡ್ಲಿ ಅಂತ ತಾನೇ ತಗೊಂಡಿದ್ದು!”

ಅವಳು ಹೆಗಲು ಕೊಟ್ಟು ತಳ್ಳಿದಳು. ಗೇಟು ದಾಟಿದ ಮೇಲೂ ಅವಳ ಬೈಗುಳ ಕೇಳಿಸುತ್ತಿತ್ತು.